ಬಣ್ಣದವಳು

ಕೊಸ್ಸುಫಾ ಅಂದರೆ ನಮ್ಮ ಕಡೆ ಒಂದು ಕರಿಹಕ್ಕಿ.
ಹೆಸರು ಅಪ್ಪ ಇಟ್ಟದ್ದು. ಮೊಣಕೈವರೆಗಿನ ಈ ನೀಲಿ
ಆಮೇಲೆ ಹತ್ತಿದ್ದು, ಗಂಡನ ಕಸುಬಿನಿಂದ.
ಅವನು ಹಡಗು ಹತ್ತಿದ, ಹಡಗು ಬರಲಿಲ್ಲ.
ಕೊಪ್ಪರಿಗೆ ಉಳಿಯಿತು. ಪಟಿಕದ ಸಾಲ ಉಳಿಯಿತು.

ಪಿರೇಯಸ್ ಬಂದರಿನ ಹಿಂದೆ, ಮೀನು ಒಣಗಿಸುವ ಓಣಿಗೆ,
ಮೂಗು ಮುಚ್ಚಿಕೊಂಡೇ ಬಂದ ಲುಸಾನಿಯ.
ನಾಟಕದವನು. ಈ ಸಲ ರಾಣಿ ಅವನೇ.
ರಾಣಿಯ ಮೇಲುವಸ್ತ್ರಕ್ಕೆ ಕೇಸರಿ ಬೇಕಂತೆ.
ನೀನು ಕೊಡುವ ಕಾಸಿಗೆ ಕೇಸರಿ ಎಲ್ಲಿಯದು,
ದಾಳಿಂಬೆ ಸಿಪ್ಪೆ ಕುದಿಸುತ್ತೇನೆ,
ದೂರದಿಂದ ದೇವರಿಗೂ ತಿಳಿಯದು ಅಂದೆ.
ನಾನು ಬಣ್ಣ ಹಚ್ಚುವವನು, ನೀನು ಬಣ್ಣ ಅದ್ದುವವಳು,
ಒಂದೇ ಕುಲ ನಮ್ಮದು, ಅಂತ ನಕ್ಕ.

ನಗಬಾರದಿತ್ತು.

ಎರಡನೆಯ ಸಲ ಬಂದಾಗ ಬಟ್ಟೆ ಕೇಳಲಿಲ್ಲ.
ಒಲಿಯದವನಿಗೆ ಒಲಿದು ರಾಣಿ ಮೂರು ದಿನ
ಅನ್ನ ಮುಟ್ಟದೆ ಮಲಗುತ್ತಾಳಂತೆ.
ಮುಖದ ಮೇಲೆ ಮುಖವಾಡ, ಕಣ್ಣೀರು ಕಾಣುವಂತಿಲ್ಲ,
ಬೇನೆಯೆಲ್ಲ ಕೈಕಾಲಲ್ಲೇ ಬರಬೇಕು.
ನನಗೆ ಜ್ವರ ಗೊತ್ತು, ಹಲ್ಲುನೋವು ಗೊತ್ತು.
ಇದು ಹೇಗಿರುತ್ತದೆ?
ಚಂದ್ರ ಸುಡುತ್ತಾನೆ ಅಂತ ಬರೆದಿದ್ದಾರೆ.

ಚಂದ್ರನ ತಂಟೆಗೆ ಹೋಗಬೇಡ, ಅಂದೆ,
ಅವನು ಪಾಪ ಏನೂ ಮಾಡುವುದಿಲ್ಲ.
ಸುಡುವುದು ಬಾಗಿಲ ಅಗುಳಿ. ಗಾಳಿಗೆ ಅಲುಗುತ್ತದೆ ನೋಡು, ಅದು.
ಮೊದಲನೆಯ ದಿನ ಹಸಿವು ಇದ್ದೇ ಇರುತ್ತದೆ,
ಈರುಳ್ಳಿ ವಾಸನೆಗೆ ಬಾಯಿ ನೀರೂರುತ್ತದೆ,
ಅದಕ್ಕೇ ನಾಚಿಕೆಯಾಗುತ್ತದೆ.
ಎರಡನೆಯ ದಿನ ಬಟ್ಟಲನ್ನು ತುಟಿವರೆಗೆ ತಂದು
ಕುಡಿಯಲು ಮರೆತು, ತುಳುಕದ ಹಾಗೆ ಕೆಳಗಿಡುತ್ತಾಳೆ.
ಮೂರನೆಯ ದಿನ

ಹೇಳಲಾಗಲಿಲ್ಲ. ಕೊಪ್ಪರಿಗೆ ಪಕ್ಕದ ಚಾಪೆಯ ಮೇಲೆ
ಗೋಡೆಗೆ ಮುಖ ಮಾಡಿ ಮಲಗಿ ತೋರಿಸಿದೆ.
ಎಡಗೈ ಬೆನ್ನ ಹಿಂದೆ, ಅಂಗೈ ಮೇಲ್ಮುಖ.
ಬೆರಳು ಅರೆ ಮಡಚಿ,
ಯಾರೋ ಏನೋ ಇಟ್ಟು ಹೋಗಲಿದ್ದಾರೆ ಎಂಬಂತೆ.

ಅಂಗೈ ಯಾಕೆ ಹಾಗೆ? ಕೇಳಿದ.
ಸುಮ್ಮನೆ. ಕಾಯಿಲೆಯವರ ಕೈ ಹಾಗೇ ಬೀಳುತ್ತದೆ.
ಬಗ್ಗಿ ನೋಡಿದ. ಇನ್ನೂ ಹತ್ತಿರ ಬಗ್ಗಿ ನೋಡಿದ.
ಅವನ ಉಸಿರು ನನ್ನ ಮಣಿಕಟ್ಟಿಗೆ ತಾಗಿತು.
ಅಷ್ಟು ಹತ್ತಿರದಿಂದ
ಅವನು ನೋಡಿದ್ದು ಕೈಯನ್ನು.

ಹಬ್ಬದ ದಿನ ಗುಡ್ಡದ ಮೇಲೆ, ಕಾಡು ಅಂಜೂರದ ಮರೆಯಲ್ಲಿ
ಯಾರದೋ ಎರಡು ಮೇಕೆಗಳ ಜೊತೆ ನಿಂತಿದ್ದೆ.
ಕೆಳಗೆ, ಉಗುರಿನಷ್ಟು ದೊಡ್ಡ ರಾಣಿ.
ಮಾತು ಗಾಳಿಗೆ ಅರ್ಧ ಹಾರಿಹೋಗುತ್ತಿತ್ತು.
ಆದರೆ ಬಟ್ಟಲು ತುಟಿವರೆಗೆ ಬಂದದ್ದು ಕಂಡೆ,
ತುಳುಕದೆ ಇಳಿದದ್ದು ಕಂಡೆ.
ಆಮೇಲೆ ಅವಳು ಮಲಗಿದಳು. ಅವನು ಮಲಗಿದ.
ನಾನು ಮಲಗಿದೆ, ಅಷ್ಟು ಸಾವಿರ ಜನರ ಎದುರು,
ಅಂಗೈ ಮೇಲೆ ಮಾಡಿ.

ಮರದ ಬೆಂಚುಗಳಿಂದ ಒಂದು ಸದ್ದು ಎದ್ದಿತು,
ನೆನೆದ ಉಣ್ಣೆ ಹಿಂಡಿದ ಹಾಗೆ.
ಹಡಗುಕಟ್ಟೆಯ ಕೂಲಿಗಳು, ಕುದುರೆ ಇಟ್ಟವರು,
ನನಗೆ ಬಾಕಿ ಕೊಡದ ಆ ಉಣ್ಣೆ ವ್ಯಾಪಾರಿಯೂ
ಅಳುತ್ತಿದ್ದನಂತೆ, ಮೈದುನ ಹೇಳಿದ.
ಯಾರಿಗೆ ಅಂತ ಅವನಿಗೇನು ಗೊತ್ತು.
ಅಲ್ಲಿ ಸುಳ್ಳು ಇದ್ದದ್ದು ಕೇಸರಿಯೊಂದೇ.

ಮೇಕೆ ನನ್ನ ಸೆರಗು ತಿನ್ನುತ್ತಿತ್ತು.

ಗೆದ್ದ ನಾಲ್ಕನೆಯ ದಿನ ಬಂದ, ಐವಿ ಬಳ್ಳಿಯ ದಂಡೆ
ಬಾಡಿ ಕಿವಿಯ ಮೇಲೆ ಜಾರಿತ್ತು.
ರಾಣಿಯ ಬಟ್ಟೆ ತಂದಿದ್ದ, ಎದೆಯ ಮೇಲೆ ದ್ರಾಕ್ಷಾರಸದ ಕಲೆ.
ಹೇಗಿತ್ತು ಅಂತ ಕೇಳಲಿಲ್ಲ. ಊರೇ ಹೇಳಿತ್ತಲ್ಲ.
ಹೊಸ್ತಿಲಲ್ಲೇ ನಿಂತು, ಮುಂದಿನ ವರ್ಷ
ಮಗನನ್ನು ಕಳೆದುಕೊಂಡ ಮುದುಕಿಯ ಪಾತ್ರ ಅಂದ.
ನಿನಗೆ ಮಕ್ಕಳಿದ್ದವೇ, ಕೊಸ್ಸುಫಾ?

ಬಟ್ಟೆ ತಿರುವಿ ನೋಡುತ್ತ ನಿಂತೆ.
ಕಂಕುಳ ಹತ್ತಿರ ಬೆವರು ಹಳದಿಯನ್ನು ತಿಂದಿತ್ತು.
ಈ ಕಲೆ ಹೋಗುವುದು ಕಷ್ಟ,
ಹತ್ತು ದಿನ ಬಿಟ್ಟು ಬಾ, ಅಂದೆ.

ಇವತ್ತಿಗೆ ಎಂಟು.
ಇನ್ನೂ ನೀರಿಗೆ ಹಾಕಿಲ್ಲ.