ಮುಚ್ಚಳ

ರಾತ್ರಿ ಪಾಳಿ ಮುಗಿಸಿ ಮಾಚೇನಹಳ್ಳಿಯಿಂದ
ಆರೂಕಾಲರ ಬಸ್ಸಿಗೆ ಬರುತ್ತೇನೆ.
ಹೊಸಮನೆಯ ತಿರುವಿನಲ್ಲಿ ಶಶಿರೇಖಾ ಎದುರಾಗುತ್ತಾಳೆ,
ಗಾರ್ಮೆಂಟ್ಸ್ ವ್ಯಾನು ಹಿಡಿಯುವ ಅವಸರ.
ನಮ್ಮ ಸಂಸಾರದ ಮಾತೆಲ್ಲ ಆ ಅರ್ಧ ನಿಮಿಷದ್ದು:
"ಬೀನ್ಸ್ ಹೆಚ್ಚಿಟ್ಟಿದೀನಿ. ಬಿಸ್ಕತ್ತು ಹಾಕ್ಬೇಡಿ,
ಮಿಸ್ಸು ಬೈತಾರೆ. ಉಗುರು ನೋಡ್ಕೊಳ್ಳಿ."

ಉಗುರೊಳಗೆ ಫೌಂಡ್ರಿಯ ಕಪ್ಪು ಮರಳು.
ಹುಣಸೆ ಹಾಕಿ ತಿಕ್ಕುತ್ತೇನೆ, ಆಮೇಲೆ ಸೋಪು,
ಸಮಾಧಾನವಾಗದೆ ಮತ್ತೆ ಹುಣಸೆ.
ಹನ್ನೊಂದು ವರ್ಷದಿಂದ ಅಚ್ಚು ಕಟ್ಟುವವನು ನಾನು.
ಮರಳಿನ ಹದ ನೋಡುವುದು ಹೀಗೆ:
ಮುಷ್ಟಿಯಲ್ಲಿ ಹಿಂಡಿ ಮುರಿದರೆ
ಎರಡೇ ತುಂಡಾಗಬೇಕು,
ಉದುರಬಾರದು, ಅಂಟಬಾರದು.
ಕಡುಬಿನ ಹಿಟ್ಟಿಗೂ ಅದೇ ಕಾನೂನು
ಎಂದು ಗೊತ್ತಾದ ಬೆಳಿಗ್ಗೆ
ಗ್ಯಾಸಿನ ಮುಂದೆ ಒಬ್ಬನೇ ನಕ್ಕಿದ್ದೆ.

ಜೀವಿತನಿಗೆ ಐದೂವರೆ. ಡಬ್ಬಿ ಹೊಸದು, ಸ್ಟೀಲು.
"ತಲೆಕೆಳಗು ಮಾಡಿದ್ರೂ ಚೆಲ್ಲಲ್ಲ ಸಾರ್" ಅಂದಿದ್ದ
ಗಾಂಧಿ ಬಜಾರಿನ ಪಾತ್ರೆ ಅಂಗಡಿಯವ.

ಸೋಮವಾರ ನುಗ್ಗೆಸೊಪ್ಪಿನ ಅಕ್ಕಿರೊಟ್ಟಿ,
ಲೋಟದ ಬಾಯಲ್ಲಿ ಒತ್ತಿ ತೆಗೆದ ಏಳು ಚಂದ್ರ.
ಏಳೂ ವಾಪಸ್ಸು.
ಮಂಗಳವಾರ ಬೀಟ್ರೂಟ್ ಬೆರೆಸಿದ ಕಡುಬು,
ಸಕ್ರೆಬೈಲಿನ ಆನೆಯ ಹಾಗೆ:
ಸೊಂಡಿಲಿಗೆ ಬೀನ್ಸು, ಕಣ್ಣಿಗೆ ಎರಡು ಕಾಳುಮೆಣಸು
(ಕಣ್ಣು ತಿನ್ನಬೇಡ ಮಗಾ ಎಂದು ಹೇಳಿಯೇ ಕಳಿಸಿದ್ದೆ).
ಸಂಜೆ ನೋಡಿದರೆ ಆನೆ ಒಂದು ಮಗ್ಗುಲಿಗೆ ವಾಲಿ
ಮುಚ್ಚಳದ ತುಂಬ ಬೆವತಿತ್ತು.
ಬುಧವಾರ ಒಂದೆಲಗದ ಚಟ್ನಿ ಸವರಿದ ದೋಸೆ ಸುರುಳಿ.
ಗುರುವಾರ ಏನು ಹಾಕಿದ್ದೆನೋ ಮರೆತಿದೆ,
ವಾಪಸ್ಸಂತೂ ಬಂತು.

ಪಕ್ಕದ ಮನೆಯ ಗ್ಲಾಡಿಸಮ್ಮ ಜಂತುಹುಳ ಅಂದರು.
ನಡುರಾತ್ರಿ ಬುತ್ತಿ ಬಿಚ್ಚಿದಾಗ ಕುಲುಮೆಯ ಬಶೀರಣ್ಣ
"ತುಪ್ಪ ಜಾಸ್ತಿ ಮಾಡು, ಬುದ್ಧಿ ಕಡಿಮೆ ಮಾಡು" ಅಂದ.
ಫೋನಿನಲ್ಲಿ ಯಾರೋ ಕ್ಯಾರೆಟ್ಟಿನಿಂದ ನವಿಲು ಕೆತ್ತುತ್ತಿದ್ದರು.
ನಾನು ಉಪ್ಪನ್ನು ಬೈದೆ, ಬೀಟ್ರೂಟನ್ನು ಬೈದೆ,
ಕೊನೆಗೆ ಶಶಿರೇಖಾ ಹೆಚ್ಚಿದ ಬೀನ್ಸಿನ ಉದ್ದವನ್ನೂ.

ಶುಕ್ರವಾರ ಸಂಜೆ ಡಬ್ಬಿ ನಾನು ತೆಗೆಯಲಿಲ್ಲ.
ಅವನ ಎದುರಿಗೇ ಇಟ್ಟು ಕೂತೆ:
"ತೆಗಿ. ಈಗಲಾದರೂ ನನ್ನ ಮುಂದೆ ತಿನ್ನು."
ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡ.
ಹೆಬ್ಬೆರಳು ಬೆಳ್ಳಗಾಯಿತು, ಮುಖ ಕೆಂಪಗಾಯಿತು.
ಆಮೇಲೆ ಅಂಚಿಗೆ ಹಲ್ಲು ಕೊಟ್ಟ,
ಮೊನ್ನೆಯಷ್ಟೇ ಅಲ್ಲಾಡಲು ಶುರುವಾದ ಹಲ್ಲು.

ಹತ್ತು ಕಿಲೋದ ರ‍್ಯಾಮರ್ ಎತ್ತಿ
ರಾತ್ರಿಯಿಡೀ ಮರಳು ಗುದ್ದಿದ ಕೈ
ಬೆಳಿಗ್ಗೆ ಅದೇ ಕೈ
ಒತ್ತಿತ್ತು ಮುಚ್ಚಳವನ್ನು.

"ಮಿಸ್ಸಿಗೆ ಯಾಕೋ ಹೇಳಲಿಲ್ಲ?"
"ನೀನು ಅಷ್ಟು ಗಟ್ಟಿ ಮುಚ್ಚಿದ್ಯಲ್ಲಪ್ಪಾ,
ತೆಗೀಬಾರ್ದೇನೋ ಅನ್ಕೊಂಡೆ."
"ಹಸಿವಾಗ್ತಿರ್ಲಿಲ್ವಾ?"
"ರುಮಾನಾ ಸಕ್ಕರೆ ಚಪಾತಿ ಕೊಡ್ತಿದ್ಲು.
ಅವಳ್ದು ಪ್ಲಾಸ್ಟಿಕ್ ಡಬ್ಬಿ, ಟಪ್ ಅಂತ ತೆಗಿಯುತ್ತೆ."

ಆ ರಾತ್ರಿ ಫೌಂಡ್ರಿಯಿಂದ ಒಂದು ತುಂಡು ಎಮರಿ ಪೇಪರು
ಯಾರಿಗೂ ಹೇಳದೆ ಜೇಬಿಗೆ ಬಂತು.
ಭಾನುವಾರ ಮೆಟ್ಟಿಲ ಮೇಲೆ ಕೂತು
ಡಬ್ಬಿಯ ಕಂಠವನ್ನು ಉಜ್ಜಿದೆ, ತಿರುಗಿಸಿ ಉಜ್ಜಿದೆ,
ಎರಕದ ಮೈ ನಯ ಮಾಡುವ ಹಾಗೆ.
ಅವನು ತೆಗೆದ, ಮುಚ್ಚಿದ, ತೆಗೆದ,
ಖಾಲಿ ಡಬ್ಬಿಯನ್ನೇ ಮೂವತ್ತು ಸಲ,
ತಲೆ ಸಿಡಿಯುತ್ತೆ ಎಂದು ಅವಳು ಬೈಯುವವರೆಗೆ.

ಸೋಮವಾರ ಮತ್ತೆ ಕಡುಬು.
ಆನೆ ಗೀನೆ ಏನಿಲ್ಲ, ಬರೀ ಉಂಡೆ.
ಹೆಸರುಕಾಳಿನ ಪಲ್ಯ, ಅಂಚಲ್ಲಿ ಅರ್ಧ ಪೇರಲೆ.
ಮುಚ್ಚುವಾಗ ಎರಡೇ ಬೆರಳು ಬಳಸಿದೆ,
ಉಳಿದ ಮೂರನ್ನು ಬೆನ್ನ ಹಿಂದೆ ಕಟ್ಟಿದವನ ಹಾಗೆ.

ಸಂಜೆ ಡಬ್ಬಿ ಹಗುರ. ಚೀಲ ಒದ್ದೆ.
ಕನ್ನಡ ಪುಸ್ತಕದ ಮೊದಲ ಪುಟದ ತುಂಬ ಅರಿಶಿನ,
ಅಳಿಲಿನ ಬಾಲಕ್ಕೆ ಅಂಟಿಕೊಂಡ ಒಂದು ಹೆಸರುಕಾಳು.
ತೆಗೆದು ಬಾಯಿಗೆ ಹಾಕಿಕೊಂಡೆ.
ಉಪ್ಪು ಸ್ವಲ್ಪ ಕಡಿಮೆಯೇ ಆಗಿತ್ತು.