ಛಾವಣಿಯ ತೂತು

ಜೆ.ಸಿ. ರಸ್ತೆಯಲ್ಲಿ ಖಲೀಲ್ ಸಾಬರು ಡ್ರಿಲ್ಲು ಹಿಡಿದಾಗ
ನನ್ನ ನೆತ್ತಿಗೇ ತೂತು ಬಿದ್ದ ಹಾಗಾಯಿತು.
ಕೆನೆಬಣ್ಣದ ಪದ್ಮಿನಿ, ದಿನಾ ಎರಡು ಬಕೆಟ್ ನೀರಲ್ಲಿ
ನಾನು ತೊಳೆದು ಒರೆಸಿದ ಛಾವಣಿ.
'ಆಂಟೆನಾ ನಟ್ಟನಡುವೆ ಇರಬೇಕು ದೊರೆಸ್ವಾಮಿ,
ಅಂಚಿಗಿಟ್ಟರೆ ಒಂದು ಕಿವಿ ಕಿವುಡು' ಎಂದರು,
ಕಬ್ಬಿಣದ ಪುಡಿಯನ್ನು ಉಫ್ ಎಂದು ಊದಿದರು.

ಸೀಟುಗಳ ನಡುವೆ ಕೂತಿತು ಕಪ್ಪು ಫೋನು,
ಸುರುಳಿ ಬಾಲದ್ದು, ಇಟ್ಟಿಗೆ ತೂಕದ್ದು.
ಅದರ ಹೊಟ್ಟೆ ಮಾತ್ರ ಡಿಕ್ಕಿಯಲ್ಲಿ, ಒಂದು ತಗಡಿನ ಪೆಟ್ಟಿಗೆ.
ಸ್ಟೆಪ್ನಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು,
ಹೊಸ ಸೊಸೆಗೆ ಅತ್ತೆ ಬಿಟ್ಟಷ್ಟೇ.

ಖಲೀಲ್ ಸಾಬರ ಪಾಠ ಎರಡೇ ಮಾತು:
ಚಕ್ರ ಉರುಳುವಾಗ ನಾಲಿಗೆ ಉರುಳಬಾರದು.
ಇಂಜಿನ್ ಆರಿಸಿ ಹರಟಿದರೆ
ಬೆಳಿಗ್ಗೆ ತಳ್ಳೋಕೆ ನಾಲ್ಕು ಜನ ಹುಡುಕಿಕೋ.
ಮೂರನೆಯದು ಡಾಕ್ಟ್ರಮ್ಮನದು,
ಬಂದ ಕರೆಗೂ ದುಡ್ಡು, ಹೋದ ಕರೆಗೂ ದುಡ್ಡು,
'ಊಟ ಆಯ್ತಾ' ಅನ್ನುವವರಿಗೆ ಈ ನಂಬರು ಕೊಡಬೇಡ.
ಕೊಟ್ಟಿದ್ದೆ, ಒಬ್ಬಳಿಗೆ.
ಶ್ರೀರಾಮಪುರದ ಬೂತಿನಿಂದ ಒಂದೇ ಸಲ ಮಾಡಿದಳು ಹೆಂಡತಿ,
ಓಡುವ ಕಾರಿನೊಳಗಿಂದ ನನ್ನ ದನಿ ಬಂದದ್ದಕ್ಕೆ
ಬೆದರಿ ಇಟ್ಟುಬಿಟ್ಟಳು.

ಆಮೇಲೆ ಊರೇ ಬೇರೆಯಾಯಿತು ನನಗೆ.
ಮೊದಲು ಗುಂಡಿ, ಹಂಪು, ಒನ್‌ವೇಗಳ ಲೆಕ್ಕ,
ಈಗ ಫೋನಿನ ಹಸಿರು ಚುಕ್ಕೆಗಳ ಲೆಕ್ಕ.
ಎಂ.ಜಿ. ರೋಡಿಗೆ ಐದು.
ಬಸವನಗುಡಿಗೆ ಮೂರು, ಮೋಡವಿದ್ದರೆ ಎರಡು.
ಓಕಳಿಪುರದ ರೈಲು ಸೇತುವೆಯ ಕೆಳಗೆ ಒಂದೂ ಇಲ್ಲ,
ಅಲ್ಲಿ ನಾವು ಬಾವಿಗೆ ಬಿದ್ದ ಕೊಡ.

ಕಾರ್ತೀಕದ ಒಂದು ರಾತ್ರಿ, ಹನ್ನೊಂದೂಮುಕ್ಕಾಲು, ಜಿಟಿಜಿಟಿ ಮಳೆ.
ಅದೇ ಸೇತುವೆಯ ಬಾಯಿಗೆ ಬರುವಾಗ ಗಂಟೆ ಹೊಡೆಯಿತು.
ಮಾಗಡಿ ರಸ್ತೆಯ ನರ್ಸಿಂಗ್ ಹೋಮು, ನರ್ಸ್ ಪಂಕಜಾಕ್ಷಿ:
'ಮೇಡಂ, ಕಾಲು ಮುಂದು. ಕಾಲು ಬಂದುಬಿಟ್ಟಿ—'
ಉಳಿದ ಅಕ್ಷರವನ್ನು ಸೇತುವೆ ನುಂಗಿತು.

ಮುಂದೆ ಲಾರಿಯೊಂದು ಅಡ್ಡ ಕೆಟ್ಟು ನಿಂತಿತ್ತು.
ನಾನು ರಿವರ್ಸ್ ಹಾಕಿದೆ.
ಹಿಂದಿನ ಆಟೋದವನು ನನ್ನ ವಂಶವನ್ನೆಲ್ಲ ಬೈದ.
ಒಂದು ಚುಕ್ಕೆ. ಎರಡು.
'ಇಲ್ಲೇ ನಿಲ್ಲಿಸು!'
ಎಡಕ್ಕೆ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು,
ಇಂಜಿನ್ ಉಸಿರು ನಿಲ್ಲದಷ್ಟು ಪೆಟ್ರೋಲು ಕೊಡುತ್ತಾ ಕೂತೆ.

ಹಿಂದಿನ ಸೀಟಿನಲ್ಲಿ ಡಾಕ್ಟ್ರಮ್ಮ ಕಣ್ಣು ಮುಚ್ಚಿ ಮಾತಾಡಿದರು.
'ಎಳೀಬೇಡ ಪಂಕಜಾ. ಕೈ ತೆಗಿ. ಅವಳೇ ಮುಕ್ಕಲಿ.
ಬೆನ್ನು ಮೇಲಕ್ಕಿದೆಯಾ? ಬಟ್ಟೆ ಬೆಚ್ಚಗಿದೆಯಾ?
ಹೆಗ್ಗತ್ತು ಕಾಣಲಿ. ಕಾಯಿ. ಕಾಯಿ ಅಂದೆ.'
ಕನ್ನಡಿಯಲ್ಲಿ ಕಂಡೆ:
ಅವರ ಬಲಗೈ ಖಾಲಿ ಗಾಳಿಯಲ್ಲಿ
ಯಾವುದೋ ಸಣ್ಣ ತಲೆಯನ್ನು ಹಿಡಿದು ಮೆಲ್ಲಗೆ ಎತ್ತುತ್ತಿತ್ತು.
ನಾನು ಹೆಡ್‌ಲೈಟು ಆರಿಸಿದೆ, ವೈಪರ್ ಆರಿಸಿದೆ,
ಇದ್ದ ಕರೆಂಟೆಲ್ಲ ಆ ಕಡೆಗೇ ಹೋಗಲಿ ಎಂದು.

ಹದಿನಾಲ್ಕು ನಿಮಿಷ. ನಿಮಿಷಕ್ಕೆ ಹದಿನಾರು ರೂಪಾಯಿ.
ಲೆಕ್ಕ ಮಾಡಬಾರದು ಅಂದುಕೊಂಡೇ ಮಾಡಿದೆ,
ಇನ್ನೂರ ಇಪ್ಪತ್ತನಾಲ್ಕು. ನನ್ನ ನಾಲ್ಕು ದಿನದ ಸಂಬಳ.

ಆ ತುದಿಯಿಂದ ಕೊನೆಗೆ ಏನೋ ಬಂತು.
ಅಳುವೋ, ಲೈನಿನ ಗೊರಗೊರವೋ, ನನಗೆ ತಿಳಿಯಲಿಲ್ಲ.
ಡಾಕ್ಟ್ರಮ್ಮ ಫೋನು ಇಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು.
'ಈಗ ಹೊರಡು' ಎಂದರು. 'ನಿಧಾನ. ಇನ್ನು ಅವಸರವಿಲ್ಲ.'
ಆ ಮಾತು ಒಳ್ಳೆಯದೋ ಕೆಟ್ಟದ್ದೋ
ಮಾಗಡಿ ರಸ್ತೆ ಮುಟ್ಟುವವರೆಗೂ ನಾನು ಕೇಳಲಿಲ್ಲ.
ಚಕ್ರ ಉರುಳುತ್ತಿತ್ತಲ್ಲ.

ಮೂರು ವರ್ಷಕ್ಕೆ ಆ ಫೋನು ಹೋಗಿ
ಅಂಗೈಯಗಲದ್ದು ಬಂತು.
ಖಲೀಲ್ ಸಾಬರ ಅಂಗಡಿಯಲ್ಲಿ ಈಗ ಸೀಟುಕವರು.
ಕಾರು ನನಗೇ ಬಿಟ್ಟರು ಡಾಕ್ಟ್ರಮ್ಮ, ತೂತಿನ ಸಮೇತ.
ಎಂ-ಸೀಲ್ ಮೆತ್ತಿದ್ದೇನೆ. ಆದರೂ ಜೋರು ಮಳೆಗೆ
ಸೀಟುಗಳ ನಡುವೆ, ಫೋನಿದ್ದ ಜಾಗಕ್ಕೇ ಸರಿಯಾಗಿ
ಟಪ್, ಒಂದು ಹನಿ.

ಕಾರು ಪಕ್ಕಕ್ಕೆ ಹಾಕಿಯೇ ಒರೆಸುತ್ತೇನೆ.