ಕಾಯಂ

ಜತ್ತದ ಕೊನೆಯ ಬಸ್ಸು
ನನ್ನನ್ನೂ ಟ್ರಂಕನ್ನೂ ಇಳಿಸಿ ಹೋದ ಸಂಜೆ
ಕೋಳೇಕರ ಗುರುಗಳು ಕೇಳಿದ್ದು ಒಂದೇ:
“ಬಾಯಾರ, ಸೈಕಲ್ ಹೊಡಿಯಾಕ ಬರ್ತೈತೇನ್ರಿ?”
ಪಾಠದ ಮಾತೇ ಎತ್ತಲಿಲ್ಲ.

ಮೊದಲ ವಾರ ಹಲಗೆಯ ಮೇಲೆ
ಸಾಲು ಸಾಲೂ ಬಲಕ್ಕೆ ಜಾರಿತು.
ಹಿಂದಿನಿಂದ ಮಲಕಾರಿ ಎದ್ದು ನಿಂತ:
“ನಿಮ್ಮ ಅಕ್ಷರಕ್ಕ ನಿದ್ದಿ ಬಂದೈತ್ರಿ.”

ಸುತ್ತೋಲೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ;
ಪಗಾರ ಯಾವ ಭಾಷೆಯಲ್ಲೂ
ಹೊತ್ತಿಗೆ ಬರಲಿಲ್ಲ.

ದೀಪಾವಳಿ ಕಳೆದದ್ದೇ ಕಬ್ಬಿನ ಗ್ಯಾಂಗಿನ ಜೊತೆ
ಟ್ರ್ಯಾಕ್ಟರ್ ಹತ್ತಿತು ಅರ್ಧ ಹಾಜರಿ ಪುಸ್ತಕ.
ಆಗ ಗೊತ್ತಾಯಿತು ಸೈಕಲ್ಲು ಯಾತಕ್ಕೆಂದು.
ಒಂದೊಂದೇ ವಸ್ತಿ, ಒಬ್ಬೊಬ್ಬಳೇ ಅಜ್ಜಿ,
“ಆರ ತಿಂಗಳ ಅಷ್ಟ, ಕೂಸಿನ್ನ ನಿಮ್ಮ ಹಂತ್ಯಾಕ ಇಟಗೋರಿ.”
ಒಬ್ಬಾಕೆ ನಾಯಿ ಬಿಟ್ಟಳು.
ಒಬ್ಬಾಕೆ ರೊಟ್ಟಿ ಕೊಟ್ಟು, ಇಲ್ಲ ಅಂದಳು.
ಹನ್ನೊಂದು ಮಂದಿ ಉಳಿದರು, ಸಾಲಿ ಉಳಿಯಿತು.

ಮೂರು ವರ್ಷಕ್ಕೆ ಕಾಯಂ ಆದೇಶ.
ನನ್ನ ಹೆಸರು ‘ನಿಂಬಾಬಾಯಿ’ ಆಗಿತ್ತು.
ಮಲಕಾರಿ ಬೆರಳಿಟ್ಟು ಓದಿದ,
ತಲೆ ಅಲ್ಲಾಡಿಸಿದ,
ಪೆನ್ಸಿಲ್ ಮೊನೆ ನೆಕ್ಕಿ
ಪಾಟೀಚೀಲದ ಚೀಟಿಯ ಮೇಲೆ
ತಾನೇ ತಿದ್ದಿ ಬರೆದುಕೊಟ್ಟ: ‘ನಿಂಬೆವ’.

ಸಾಲು ನೆಟ್ಟಗಿತ್ತು.
ಒತ್ತು ಬಿಟ್ಟಿದ್ದ.
ಅಲ್ಲೇ ಕೂಡಿಸಿ
ಹತ್ತು ಸಲ ಬರೆಸಿದೆ.